ಚಂದ್ರಿಯ ಹೊಟ್ಟೆಯಲ್ಲಿ ಕಂಡದ್ದು

ಚಂದ್ರಿಗೆ ರೋಗ ಇರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಸುತ್ತುಬಳಸಿ ಹೇಳಹೊರಟರೆ ನನ್ನ ಬುದ್ಧಿ ನನಗೆ ಗೊತ್ತು — ದಾರಿಯಲ್ಲೆಲ್ಲೋ ಒಂದು ನೆಪ ಹುಡುಕಿಕೊಂಡು ಅದರ ನೆರಳಿಗೆ ಕೂತುಬಿಡುತ್ತೇನೆ. ಚಂದ್ರಿ ಎಂದರೆ ಒಂದು ಆಕಳು, ಬೇಟೆಗಾರ ಪಾರ್ಧಿ ಧರ್ಮಾನ ಆಕಳು. ಅದಕ್ಕೆ ದೊಡ್ಡ ಬೇನೆ ತಗುಲಿದೆ ಎಂದು ಹೇಳಿ ಕೊಂದವನು ನಾನು. ಕೊಂದ ಮೇಲೆ ಹೊಟ್ಟೆ ಸೀಳಿ ನೋಡಿದವನೂ ನಾನೇ. ಒಳಗೆ ಏನೂ ಇರಲಿಲ್ಲ. ಇತ್ತು ಎಂದೆ.

ನಾನು ದನದ ಡಾಕ್ಟರು. ಆಗಿನ ಮಂದಿಯ ಮಾತಿನಲ್ಲಿ ಸಲೋತ್ರಿ. ಹಲಬರ್ಗಾದ ಒಕ್ಕಲುತನದ ಮನೆಯವನು. ಉರ್ದು ಶಾಲೆ ಮುಗಿಸಿ, ಹೈದರಾಬಾದಿನಲ್ಲಿ ಸೂಜಿ ಹಿಡಿಯುವುದನ್ನು ಕಲಿತು, ನಿಜಾಮರ ಸರಕಾರದ ನೌಕರಿ ಗಿಟ್ಟಿಸಿ ಬೀದರಿನ ದನದ ದವಾಖಾನೆಗೆ ಬಂದಾಗ ನಮ್ಮವ್ವ ನಕ್ಕಿದ್ದಳು. "ಇಷ್ಟ್ ಓದಿ ಕಡಿಗಿ ಸಗಣಿನೇ ನೋಡೋದೇನೋ ತಮ್ಮಾ?" ಹೌದು, ಸಗಣಿಯನ್ನೇ ನೋಡುತ್ತಿದ್ದೆ. ರಕ್ತ ಬೆರೆತಿದೆಯೋ ಇಲ್ಲವೋ ಎಂದು ನೋಡುವುದೇ ಆ ವರ್ಷಗಳಲ್ಲಿ ನನ್ನ ಕೆಲಸವಾಗಿತ್ತು.

ದೊಡ್ಡ ಬೇನೆ ಎಂದರೆ ಏನೆಂದು ಈಗಿನ ಹುಡುಗರಿಗೆ ಗೊತ್ತಿರಲಾರದು. ಮೊದಲು ಜ್ವರ, ಕಣ್ಣಲ್ಲಿ ನೀರು. ಆಮೇಲೆ ಬಾಯೊಳಗೆಲ್ಲ ತವುಡು ಚೆಲ್ಲಿದಂತೆ ಹುಣ್ಣು. ದನ ಮೇವು ಬಿಡುತ್ತದೆ, ರಕ್ತ ಭೇದಿ ಹತ್ತುತ್ತದೆ, ಕೆಲವೇ ದಿನಗಳಲ್ಲಿ ಕಾಲು ಚಾಚುತ್ತದೆ. ಒಂದು ಕೊಟ್ಟಿಗೆಗೆ ಹೊಕ್ಕರೆ ಊರನ್ನೇ ಗುಡಿಸಿಕೊಂಡು ಹೋಗುತ್ತಿತ್ತು. ಅದರ ವಿಷ ಸೂಕ್ಷ್ಮದರ್ಶಕಕ್ಕೂ ಸಿಕ್ಕುವುದಿಲ್ಲ, ಪಿಂಗಾಣಿಯ ಸೋಸುಕದಲ್ಲೂ ನುಸುಳಿ ಹೋಗುತ್ತದೆ ಎಂದು ಹೈದರಾಬಾದಿನಲ್ಲಿ ನಮಗೆ ಕಲಿಸಿದ್ದರು. ವೈರಸ್ ಎಂಬ ಮಾತನ್ನು ನಾನು ಕೇಳಿದ್ದು ಅಲ್ಲಿಯೇ. ಕಣ್ಣಿಗೆ ಕಾಣದ್ದರ ಜೊತೆ ಕೆಲಸ ಮಾಡುವವನಿಗೆ ಒಂದು ಅನುಕೂಲವಿದೆ — ಅವನು ಹೇಳಿದ್ದು ಸುಳ್ಳೋ ನಿಜವೋ ಎಂದು ನೋಡುವವರು ಯಾರೂ ಇರುವುದಿಲ್ಲ.

ಔರಾದಿನ ಆಚೆ ಒಂದು ಹಳ್ಳಿ. ಹೆಸರು ಬೇಡ, ಅಲ್ಲಿಯವರ ಮೊಮ್ಮಕ್ಕಳು ಇದ್ದಾರೆ. ಊರಿಗೆ ಹತ್ತಿಕೊಂಡು ಸರಕಾರಿ ಹುಲ್ಲುಗಾವಲು, ಅದರ ತುಂಬ ಚಿಗರಿ ಎನ್ನುವ ಜಿಂಕೆಗಳ ಹಿಂಡುಗಳು. ನನಗೆ ಎರಡು ಕೆಲಸ ಹಚ್ಚಿ ಕಳಿಸಿದ್ದರು: ಊರ ದನಗಳಿಗೆ ಸೂಜಿ ಹಾಕುವುದು, ಮತ್ತು ಈ ಬೇನೆ ಚಿಗರಿಗಳಿಗೂ ತಗಲುತ್ತದೆಯೇ, ಯಾರಿಂದ ಯಾರಿಗೆ ಹೋಗುತ್ತದೆ ಎಂದು ತಿಳಿಯುವುದು. ಎರಡನೆಯದರ ಮೇಲೆ ಹೈದರಾಬಾದಿನ ದೊಡ್ಡ ಸಾಹೇಬರಿಗೆ ಬಹಳ ಮೋಹ. ಅದನ್ನು ನಾನು ಬಿಡಿಸಿಕೊಟ್ಟರೆ ನನ್ನ ಹೆಸರು ಮೇಲಕ್ಕೆ ಹೋಗುತ್ತಿತ್ತು.

ಚಿಗರಿಯ ಸುದ್ದಿ ಬೇಕಾದರೆ ಪಾರ್ಧಿಯನ್ನು ಬಿಟ್ಟು ಯಾರನ್ನು ಕೇಳಬೇಕು? ಹುಲ್ಲುಗಾವಲಿನ ಅಂಚಿಗೆ ಧರ್ಮಾನ ಬಿಡಾರ ಇತ್ತು. ಅವನು, ಹೆಂಡತಿ ಸುಂದ್ರಾಬಾಯಿ, ಮತ್ತು ಚಂದ್ರಿ. ಅವರ ಬೇಟೆಗೆ ಬಂದೂಕಿಲ್ಲ, ನಾಯಿಯಿಲ್ಲ, ಆಕಳೇ ಎಲ್ಲ. ಅದು ಮೇಯುತ್ತ ಮೇಯುತ್ತ ಚಿಗರಿ ಹಿಂಡಿನ ಕಡೆಗೆ ಸಾಗುತ್ತದೆ, ಪಾರ್ಧಿ ಬೆನ್ನು ಬಗ್ಗಿಸಿಕೊಂಡು ಅದರ ಮರೆಯಲ್ಲಿ ಹೆಜ್ಜೆ ಹಾಕುತ್ತ ಉರುಲು ಹೂಡುತ್ತಾನೆ. ಪಕ್ಕೆ ತಟ್ಟಿದರೆ ಮುಂದಕ್ಕೆ, ಕುತ್ತಿಗೆಯ ಮೇಲೆ ಕೈ ಇಟ್ಟರೆ ಅಲ್ಲೇ ನಿಲ್ಲಬೇಕು. ಹಾಗೆ ಕಲಿಸುವುದಕ್ಕೆ ಕರುವಿದ್ದಾಗಿನಿಂದ ಹಿಡಿಯಬೇಕು. ಆಕಳಿಲ್ಲದ ಪಾರ್ಧಿ ಎಂದರೆ ಕೂರಿಗೆಯಿಲ್ಲದ ಒಕ್ಕಲಿಗ. ಸುಂದ್ರಾಬಾಯಿ ಅದಕ್ಕೆ ರೊಟ್ಟಿಯ ಚೂರನ್ನು ಬಾಯೊಳಗೆ ಕೈಯಿಟ್ಟು ತಿನ್ನಿಸುವುದನ್ನು ನೋಡಿ ನಾನು ತಮಾಷೆ ಮಾಡಿದ್ದೆ. "ಮಕ್ಕಳಿಲ್ರಿ ಸಾಹೇಬ್ರ, ಇದೇ ನಮ್ಮ ಮಗಳು," ಎಂದಿದ್ದಳು.

ಈಗ ಸೂಜಿಯ ಮಾತು. ಆಗಿನ ಪದ್ಧತಿ ಹೇಗಿತ್ತೆಂದರೆ, ದನದ ಒಂದು ಪಕ್ಕಕ್ಕೆ ರೋಗದ ರಕ್ತ, ಇನ್ನೊಂದು ಪಕ್ಕಕ್ಕೆ ಅದನ್ನು ತಡೆಯುವ ಸೀರಮ್. ದನಕ್ಕೆ ಸ್ವಲ್ಪ ಜ್ವರ ಬಂದು ಇಳಿಯುತ್ತದೆ, ಆಮೇಲೆ ಬೇನೆ ಹತ್ತಿರ ಸುಳಿಯುವುದಿಲ್ಲ. ಆದರೆ ಜ್ವರ ಇಳಿದು ಪೂರ್ತಿ ಗುಣವಾಗುವವರೆಗೆ ಆ ದನವನ್ನು ಬೇರೆ ಕೊಟ್ಟಿಗೆಯಲ್ಲಿ ಕಟ್ಟಬೇಕು, ಯಾಕೆಂದರೆ ಅದರ ಜೊಲ್ಲಿನಲ್ಲಿ ರೋಗ ಇರಬಹುದು. ಇದು ನನಗೆ ಅಂಗೈ ಗೆರೆಯಷ್ಟು ಗೊತ್ತಿತ್ತು. ಊರವರು ಸೂಜಿಗೆ ಹೆದರಿದರು. "ಮೊದಲ ಪಾಟೀಲರ ಎತ್ತಿಗಿ ಹಾಕ್ರಿ, ನೋಡಮು," ಎಂದು ಹಿಂದೆ ಸರಿದರು. ಹಾಗಾಗಿ ಊರ ಪಾಟೀಲ ಗುರುಪಾದಪ್ಪನವರ ದನಗಳಿಗೆ ಮಾತ್ರ ಹಾಕಿ ಬೇರೆ ಕಟ್ಟಿಸಿದೆ.

ಅಷ್ಟರಲ್ಲಿ ಕಾರಹುಣ್ಣಿಮೆ ಬಂತು. ಊರ ಬಾಗಿಲಾದ ಅಗಸಿಗೆ ಬೇವಿನ ತೋರಣ ಕಟ್ಟುತ್ತಾರೆ, ಸಿಂಗರಿಸಿದ ಎತ್ತುಗಳನ್ನು ಓಡಿಸಿ ಆ ತೋರಣವನ್ನು, ಅಂದರೆ ಕರಿಯನ್ನು, ಹರಿಸುತ್ತಾರೆ. ಬಿಳಿ ಎತ್ತು ಮೊದಲು ಹರಿದರೆ ಜೋಳದಂಥ ಬಿಳಿ ಬೆಳೆ ಚಲೋ ಬರುತ್ತದೆಂದು ನಂಬಿಕೆ. ಪಾಟೀಲರ ಮನೆಯ ಬಿಳಿ ಎತ್ತು ಅಗಸಿಗೆ ಬರದ ವರ್ಷವೇ ಇರಲಿಲ್ಲವಂತೆ.

"ಸಾಹೇಬ್ರ, ಎತ್ತ ಇಲ್ಲಂದ್ರ ಮಂದಿ ಏನಂದಾರು? ಒಂದ್ ತಾಸ ಬಿಡ್ರಿ, ತಿರಗಿ ತಂದ ಕಟ್ಟಸ್ತೇನಿ," ಎಂದರು ಪಾಟೀಲರು.

ನಾನು ಎತ್ತಿನ ಕಿವಿ ಮುಟ್ಟಿ ನೋಡಿದೆ. ಸುಡುತ್ತಿತ್ತು. ಮೂಗು ಸೋರುತ್ತಿತ್ತು. ನಾನು ಉಣ್ಣುತ್ತಿದ್ದದ್ದು ಪಾಟೀಲರ ಮನೆಯಲ್ಲಿ, ಮಲಗುತ್ತಿದ್ದದ್ದು ಅವರ ಪಡಸಾಲೆಯಲ್ಲಿ — ಇಲ್ಲ, ಇದು ನೆಪ. ಬೇಡ ಎನ್ನಬಹುದಿತ್ತು. "ಒಂದ್ ತಾಸ್ ಅಷ್ಟೇ ನೋಡ್ರಿ," ಎಂದೆ.

ಎತ್ತು ಕರಿ ಹರಿಯಲಿಲ್ಲ. ಅರ್ಧ ಓಡಿ ನಿಂತಿತು, ಅಗಸಿಯ ಕಲ್ಲುಬಾನಿಗೆ ಮೂತಿ ಹಾಕಿ ನೀರು ಕುಡಿಯಿತು. ಅದರ ಹಿಂದೆ ಊರ ಎತ್ತುಗಳೆಲ್ಲ ಅಲ್ಲಿಯೇ ಕುಡಿದವು. ನಾನು ಹೋಳಿಗೆ ಉಂಡು ಕಟ್ಟೆಯ ಮೇಲೆ ಕೂತು ಅದನ್ನು ನೋಡುತ್ತಿದ್ದೆ. ನೋಡುತ್ತಲೇ ಇದ್ದೆ.

ಅಮಾವಾಸ್ಯೆಯ ಹೊತ್ತಿಗೆ ಊರಲ್ಲಿ ಎತ್ತುಗಳು ಬೀಳತೊಡಗಿದವು. ಬಿತ್ತನೆಯ ಕಾಲ, ಕೂರಿಗೆ ಹೊರಗೆ ತೆಗೆದಿಟ್ಟವರು ಅದನ್ನು ತಿರುಗಿ ಅಟ್ಟಕ್ಕೆ ಹಾಕಿದರು. ಹೆಂಗಸರು ಕೊಟ್ಟಿಗೆಯಲ್ಲಿ ಕೂತು ಮನುಷ್ಯರಿಗೆ ಅಳುವಂತೆ ಅತ್ತರು. ಪಾಟೀಲರ ದನ ಮಾತ್ರ ಉಳಿದವು. ನನ್ನ ಬಳಿ ಸೀರಮ್ ಮುಗಿದಿತ್ತು. ಬೆಳಗಾದರೆ ಬಾಯಿ ತೆಗೆಸಿ ನೋಡುವುದು, ತಲೆ ಅಲ್ಲಾಡಿಸುವುದು. ಯಾರಾದರೂ "ಇದು ಎಲ್ಲಿಂದ ಬಂತ್ರಿ ಸಾಹೇಬ್ರ?" ಎಂದರೆ ಮುಂದಿನ ಕೊಟ್ಟಿಗೆಗೆ ನಡೆದುಬಿಡುತ್ತಿದ್ದೆ. ಗೊತ್ತಾದರೆ ನೌಕರಿ ಹೋಗುವುದು ಹಾಗಿರಲಿ, ಜೀವಂತ ಹೊರಗೆ ಬರುವುದು ಕಷ್ಟವಿತ್ತು. ಪಾಟೀಲರಿಗೂ ಇದು ಗೊತ್ತಿತ್ತು. ನಾವು ಒಬ್ಬರ ಮುಖ ಒಬ್ಬರು ನೋಡುವುದನ್ನು ಬಿಟ್ಟಿದ್ದೆವು.

ಆಗ ಧರ್ಮಾ ಒಂದು ಸತ್ತ ಚಿಗರಿಯನ್ನು ಹೆಗಲ ಮೇಲೆ ಹಾಕಿಕೊಂಡು ಚಾವಡಿಯ ಮುಂದೆ ಬಂದ. ನಾನೇ ಹೇಳಿಟ್ಟಿದ್ದೆ — ಸತ್ತದ್ದು ಕಂಡರೆ ತಂದು ತೋರಿಸು ಎಂದು. ಬಾಯಿ ಬಿಡಿಸಿದೆ. ತವುಡು ಚೆಲ್ಲಿದಂಥ ಅದೇ ಹುಣ್ಣು. ಊರೇ ಸುತ್ತ ನಿಂತು ನೋಡಿತು. ಲೆಕ್ಕ ನನಗೆ ಸ್ಪಷ್ಟವಾಗಿತ್ತು: ಮೊದಲು ಬಿದ್ದದ್ದು ಎತ್ತು, ಆಮೇಲೆ ಚಿಗರಿ. ಊರ ದನ ಕುಡಿದ ಹಳ್ಳದ ನೀರನ್ನೇ ಚಿಗರಿಗಳೂ ಕುಡಿದಿದ್ದವು. ದೊಡ್ಡ ಸಾಹೇಬರ ಪ್ರಶ್ನೆಗೆ ಉತ್ತರ ನನ್ನ ಕೈಯಲ್ಲಿತ್ತು. ನಾನು ಅದನ್ನು ತಿರುವಿ ಹಾಕಿದೆ. "ಚಿಗರಿಯಿಂದ ಬಂದದ ಅನಸ್ತದ," ಎಂದೆ.

ನಾನು ಅಷ್ಟೇ ಹೇಳಿದ್ದು. ಮುಂದಿನದನ್ನು ಅವರೇ ಜೋಡಿಸಿದರು — ಹಾಗೆ ಜೋಡಿಸುತ್ತಾರೆಂದು ತಿಳಿದೇ ಹೇಳಿದ್ದೆ. ಚಿಗರಿಯ ನಡುವೆ ಹೋಗುವುದು ಯಾವುದು? ಸಂಜೆ ಊರ ಹಳ್ಳಕ್ಕೆ ಬರುವುದು ಯಾವುದು? ಪಾಟೀಲರು ಮೊದಲ ಬಾರಿಗೆ ನನ್ನ ಮುಖ ನೋಡಿದರು. "ಪಾರ್ಧ್ಯಾನ ಆಕಳ," ಎಂದರು.

ಕೊಲ್ಲಬೇಕೆಂದು ಎಲ್ಲರೂ ಕೂಗಿದರು, ಆದರೆ ಕೊಲ್ಲಲು ಒಬ್ಬನೂ ಮುಂದೆ ಬರಲಿಲ್ಲ. ಶರಣರ ಊರು, ಗೋಹತ್ಯೆಯ ಪಾಪ ಯಾರಿಗೆ ಬೇಕು? ಒಬ್ಬ ಮುದುಕ ದಾರಿ ತೋರಿಸಿದ. "ಸಾಹೇಬ್ರ ಸೂಜಿ ಅದ ಅಲ್ರಿ. ಸರಕಾರದ ಸೂಜಿಗಿ ಪಾಪ ಇಲ್ಲ." ಎಲ್ಲರಿಗೂ ಹಗುರವಾಯಿತು. ನನಗೂ ಆಯಿತು — ಕೊರಳಲ್ಲಿ ಲಿಂಗ ಕಟ್ಟಿಕೊಂಡವನಿಗೆ.

ಧರ್ಮಾ ಜಗಳಾಡಲಿಲ್ಲ. ಚಂದ್ರಿಯ ದವಡೆ ಹಿಡಿದು ಬಾಯಿ ತೆಗೆದ. "ನೋಡ್ರಿ ಸಾಹೇಬ್ರ, ಚಲೋ ನೋಡ್ರಿ. ನೀವು ಅದ ಅಂದ್ರ ಅದ." ನೋಡಿದೆ. ನಾಲಿಗೆ, ಒಸಡು, ಎಲ್ಲ ಸ್ವಚ್ಛ. ರೊಟ್ಟಿಯ ವಾಸನೆ ಬಂತು. "ಒಳಗ ಇರ್ತದ, ಮ್ಯಾಲ ಕಾಣಂಗಿಲ್ಲ," ಎಂದೆ. ಅವನು ನಂಬಿದ. ನಂಬಿದ್ದರಿಂದಲೇ ಅವನು ತಾನೇ ಅದರ ಕುತ್ತಿಗೆಯ ಮೇಲೆ ಕೈ ಇಟ್ಟ. ಚಂದ್ರಿ ನಿಂತಿತು. ನಾನು ವಿಷ ಏರಿಸುವವರೆಗೂ ಕದಲಲಿಲ್ಲ.

ಸುಂದ್ರಾಬಾಯಿ ಬಿಡಾರದೊಳಗೆ ಮುಸುಕು ಹಾಕಿಕೊಂಡು ಕೂತಿದ್ದಳು. ಧರ್ಮಾ ಒಂದೇ ಒಂದನ್ನು ಬೇಡಿಕೊಂಡ: ಸೀಳಿ ನೋಡಿ ಹೇಳಬೇಕು. ಸೀಳಿದೆ. ಜಠರ ನೋಡಿದೆ, ಕರುಳನ್ನು ಉದ್ದಕ್ಕೂ ಬಿಡಿಸಿ ನೋಡಿದೆ. ಹುಡುಕಿದೆ ಎಂದೇ ಹೇಳಬೇಕು — ಒಂದು ಕೆಂಪು ಗೆರೆಯಾದರೂ ಸಿಗಲಿ ಎಂದು. ನನ್ನ ನೌಕರಿಯಲ್ಲಿ ಅಷ್ಟು ಆರೋಗ್ಯದ ಆಕಳನ್ನು ನಾನು ಕೊಯ್ದಿರಲಿಲ್ಲ. ದೂರದಲ್ಲಿ ಊರವರು ಸಾಲಾಗಿ ನಿಂತಿದ್ದರು. ಧರ್ಮಾ ಮಾತ್ರ ಹತ್ತಿರ ಬಂದ.

"ಇತ್ತೇನ್ರಿ?"

"ಇತ್ತು."

ಆ ಒಂದು ಮಾತಿಗೆ ಅವನ ಮೋರೆ ಕುಸಿದದ್ದು ಈಗಲೂ ನನ್ನ ಕಣ್ಣ ಮುಂದಿದೆ. ಅವನು ಊರವರ ಕಡೆ ತಿರುಗಿ, ನೆಲಕ್ಕೆ ಹಣೆ ಹಚ್ಚಿ, ತಪ್ಪಾಯಿತು ಎಂದ. ನಾವು ತಿಳಿಯದೆ ನಿಮ್ಮ ದನ ಕೊಂದೆವು ಎಂದ. ಅವನನ್ನು ಹೊಡೆಯುವುದಕ್ಕೆಂದು ಕಲ್ಲು ಹಿಡಿದು ನಿಂತವರೂ ಅದನ್ನು ಕೆಳಗೆ ಹಾಕಿದರು. ಸಂಜೆಯೊಳಗೆ ಬಿಡಾರ ಕಿತ್ತುಕೊಂಡು ಇಬ್ಬರೂ ಮಾಂಜ್ರಾ ಹೊಳೆ ದಾಟಿ ಹೋದರು.

ದೊಡ್ಡ ಸಾಹೇಬರು ನನ್ನ ಶೋಧಕ್ಕೆ ಶಾಬಾಸ್ ಎಂದರು. ಚಿಗರಿಗಳಿಂದ ಬೇನೆ ಬರುತ್ತದೆಂದು ಆ ಹುಲ್ಲುಗಾವಲಿನ ಹಿಂಡುಗಳನ್ನೆಲ್ಲ ಹೊಡೆಸಿ ಹಾಕಿದರು. ಸತ್ತ ಚಿಗರಿಗಳನ್ನು ಬಂಡಿಗೆ ಹೇರಿಕೊಂಡು ಹೋಗುವುದನ್ನು ನೋಡಿದೆ. ನನಗೆ ಬಡ್ತಿ ಸಿಕ್ಕಿತು, ಬೀದರಿನಲ್ಲಿ ದವಾಖಾನೆಗೆ ಹತ್ತಿರವೇ ಮನೆ ಸಿಕ್ಕಿತು. ಮಾಡಿದ್ದುಣ್ಣೋ ಮಹರಾಯ ಎನ್ನುತ್ತಾರೆ. ಸುಳ್ಳು. ಮಾಡಿದವನು ನಾನು, ಉಂಡವರು ಬೇರೆ.

ವರ್ಷಗಳು ಕಳೆದವು. ಪಿಂಚಣಿ ಹತ್ತಿತು. ಪಾಟೀಲರು ತೀರಿಕೊಂಡರು, ದೊಡ್ಡ ಸಾಹೇಬರೂ ಹೋದರು. ಒಂದು ಮಧ್ಯಾಹ್ನ ಭಾಲ್ಕಿಯ ಸ್ಟೇಷನ್ನಿನಲ್ಲಿ ಬೀದರಿನ ಗಾಡಿಗೆ ಕಾಯುತ್ತಿದ್ದೆ. ಒಬ್ಬ ಮುದುಕಿ ಕಸಬಾರಿಗೆಯ ಕಟ್ಟು ಇಳಿಸಿಕೊಂಡು ನನ್ನನ್ನೇ ನೋಡುತ್ತಿದ್ದಳು. ಆಮೇಲೆ ಹತ್ತಿರ ಬಂದು ಕೆಳಗೆ ಕೂತಳು.

"ಸಲೋತ್ರಿ ಸಾಹೇಬ್ರ ಅಲ್ರಿ? ನಾ ಧರ್ಮಾನ ಹೆಂಡ್ತಿರಿ."

ಧರ್ಮಾ ತೀರಿಕೊಂಡಿದ್ದ. ಆ ದಿನದ ನಂತರ ಅವನು ಆಕಳು ಕಟ್ಟಲೇ ಇಲ್ಲವಂತೆ. ಯಾವ ಊರಿಗೆ ಹೋದರೂ ದನ ಕಂಡರೆ ದೂರ ಸರಿದು ಸುತ್ತು ಹಾಕಿ ನಡೆಯುತ್ತಿದ್ದನಂತೆ, ನಮ್ಮ ಮೈಯಾಗ ಪಾಪ ಅದ, ನಿಮ್ಮ ದನ ಆಚಿಗಿ ಹೊಡೀರಿ ಎನ್ನುತ್ತಿದ್ದನಂತೆ. ಬಾರಿಗೆ ಕಟ್ಟಿ ಮಾರಿ, ಕಲ್ಲು ಹೊತ್ತು, ಹಸಿದು ಸತ್ತ. ಸಾಯುವಾಗಲೂ ಅದೇ ಮಾತು. ಇಷ್ಟನ್ನೂ ಅವಳು ಬೈಗುಳವಿಲ್ಲದೆ, ನನ್ನ ಮನೆಯ ಮಂದಿ ಹೇಳುವಂತೆ ಹೇಳಿದಳು. ಆಮೇಲೆ ಕೇಳಿದಳು:

"ಒಂದ್ ಮಾತ ಕೇಳ್ತೇನಿ, ಸಿಟ್ಟಿಗೇಳಬ್ಯಾಡ್ರಿ. ದಿನಾ ಅದರ ಬಾಯಾಗ ಕೈ ಹಾಕಿ ತಿನ್ನಸ್ತಿದ್ದೆ. ಅದಕ ಬ್ಯಾನಿ ಆಗಿದ್ದು ನನಗ ಯಾಕ ತಿಳೀಲಿಲ್ಲರಿ? ತಿಳದಿದ್ರ ಊರ ದನರ ಉಳೀತಿದ್ವು."

ಆಗ ನನಗೆ ಯಾರ ಹೆದರಿಕೆಯೂ ಇರಲಿಲ್ಲ. ನೌಕರಿ ಇರಲಿಲ್ಲ, ಪಾಟೀಲರು ಇರಲಿಲ್ಲ, ಕಲ್ಲು ಹಿಡಿದ ಊರು ಇರಲಿಲ್ಲ. ಒಬ್ಬ ಮುದುಕಿ, ಮತ್ತು ನಾನು. ಮೊದಲನೆಯ ಸುಳ್ಳನ್ನು ಜೀವಭಯದಿಂದ ಹೇಳಿದೆ ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡಿದ್ದೆ. ಇದಕ್ಕೆ ಏನು ಹೇಳಲಿ? ಬರೀ ನಾಚಿಕೆ — ಅವಳ ಮುಂದೆ ಸಣ್ಣವನಾಗುವ ನಾಚಿಕೆ. ಬಾಯಿ ತೆರೆದೆ. ನಿಜವೇ ಬರುತ್ತದೆ ಎಂದುಕೊಂಡೆ.

"ಅದು ಯಾರಿಗೂ ತಿಳಿಯಂಗಿಲ್ಲವ್ವ. ನಿಂದೇನ್ ತಪ್ಪಿಲ್ಲ," ಎಂದೆ.

ಅವಳ ಕಣ್ಣು ತುಂಬಿದವು. ಇಷ್ಟು ದೊಡ್ಡ ಮನಸ್ಸಿನವರು ನೀವೊಬ್ಬರೇ ಎಂದಳು. ಮುಂದೆ ಬಾಗಿ ನನ್ನ ಪಾದಕ್ಕೆ ಹಣೆ ಮುಟ್ಟಿಸಿದಳು. ನಾನು ಕಾಲು ಹಿಂದಕ್ಕೆ ಎಳೆದುಕೊಳ್ಳಲಿಲ್ಲ.