ಮುಳ್ಳು ಎಣಿಸುವ ಜಾಡಿಯಕ್ಕ

ಬೆಳಗಿನ ಆರು ಗಂಟೆಗೆ ಈ ಕಾಲೇಜಿನಲ್ಲಿ ಎಚ್ಚರವಾಗಿರುವವರು ಇಬ್ಬರೇ. ಒಬ್ಬರು ಗೇಟಿನ ಕಾವಲುಗಾರರು, ಅವರೂ ಅರ್ಧ ಮಾತ್ರ. ಇನ್ನೊಬ್ಬರು ಪ್ರಾಣಿಶಾಸ್ತ್ರ ವಿಭಾಗದ ಮ್ಯೂಸಿಯಂ ಅಟೆಂಡರ್. ನೆಲಮಹಡಿಯ ಕೊನೆಯ ಕೋಣೆಯ ಬೀಗ ತೆಗೆದು, ನಾಲ್ಕೂ ಕಿಟಕಿಗಳನ್ನು ತೆರೆದಿಟ್ಟು, ತೋಳು ಏರಿಸಿಕೊಂಡು ಅವರು ಮೊದಲ ಜಾಡಿಯ ಮುಚ್ಚಳಕ್ಕೆ ಕೈ ಹಾಕುತ್ತಾರೆ. ಸತ್ತ ಪ್ರಾಣಿಗಳನ್ನು ಕೆಡದಂತೆ ಇಡುವ ಸ್ಪಿರಿಟ್ಟಿನ ಘಾಟು ಮೂಗಿಗೆ ಹೊಡೆದು, ಅವರ ಬಗ್ಗೆ ಪತ್ರಿಕೆಗೆ ಬರೆಯಲು ಬಂದ ನಾನು ಎರಡು ಹೆಜ್ಜೆ ಹಿಂದೆ ಸರಿಯುತ್ತೇನೆ.

"ಅದಕ್ಕೇ ಸಾರ್ ಈ ಹೊತ್ತಿಗೆ ಬರೋದು. ಬಿಸಿಲು ಏರಿದ್ಮೇಲೆ ತೆಗೆದ್ರೆ ಸ್ಪಿರಿಟ್ಟೂ ಆರಿಹೋಗುತ್ತೆ, ಮಕ್ಕಳೂ ಓಡಿಹೋಗ್ತಾರೆ," ಎಂದು ನಗುತ್ತಾರೆ. ಜಾಡಿಯ ಕುತ್ತಿಗೆಯವರೆಗೆ ಹೊಸ ಸ್ಪಿರಿಟ್ ತುಂಬಿ, ಅಂಚು ಒರೆಸಿ, ಮುಚ್ಚಳ ಬಿಗಿದು ಮುಂದಿನದಕ್ಕೆ ಹೋಗುತ್ತಾರೆ. ಒಳಗಿನ ಮೀನು ಕಣ್ಣು ಬಿಟ್ಟುಕೊಂಡು ಎಲ್ಲವನ್ನೂ ನೋಡುತ್ತಿರುತ್ತದೆ.

ವಿದ್ಯಾರ್ಥಿಗಳ ಬಾಯಲ್ಲಿ ಅವರು ಜಾಡಿಯಕ್ಕ. ವಯಸ್ಸು ಐವತ್ತೊಂಬತ್ತು, ಓದಿದ್ದು ಏಳನೇ ಕ್ಲಾಸು, ಸೇವೆ ಇಪ್ಪತ್ತೆಂಟು ವರ್ಷ. ಕೋಣೆಯಲ್ಲಿರುವುದು ಮುನ್ನೂರ ಹನ್ನೆರಡು ಜಾಡಿಗಳು. ದಿನಕ್ಕೆ ಹನ್ನೆರಡರಂತೆ ನೋಡಿಕೊಂಡರೆ ಇಪ್ಪತ್ತಾರು ಕೆಲಸದ ದಿನಗಳಿಗೆ ಒಂದು ಸುತ್ತು ಮುಗಿಯುತ್ತದೆ, ಮರುದಿನ ಮತ್ತೆ ಮೊದಲನೆಯದು. ಇಂಥ ಎಷ್ಟು ಸುತ್ತು ಹಾಕಿದ್ದೀರಿ ಎಂದು ಕೇಳಿದರೆ, "ಅದನ್ನ ಎಣಿಸ್ಲಿಲ್ಲ ಸಾರ್. ನಾನು ಎಣಿಸೋದು ಮುಳ್ಳು ಮಾತ್ರ," ಎನ್ನುತ್ತಾರೆ.

ಆ ಮುಳ್ಳುಗಳಿರುವುದು ಬಾಗಿಲಿಗೆ ಎದುರಿನ ಗಾಜಿನ ಬೀರುವಿನಲ್ಲಿ. ಅದರೊಳಗೆ ನಲವತ್ತೊಂದು ಜಾಡಿಗಳು, ನಲವತ್ತೊಂದು ಬಗೆಯ ಮೀನುಗಳು. ನಿಜ ಹೇಳಬೇಕೆಂದರೆ ನನಗೆ ಎಲ್ಲವೂ ಒಂದೇ ಥರ ಕಂಡವು. ಎಲ್ಲದರ ಬಣ್ಣವೂ ನೆನೆದ ರಟ್ಟಿನದು. ಹಾಗೆಂದು ಬಾಯಿ ಬಿಟ್ಟು ಹೇಳಿದ್ದೇ ತಪ್ಪಾಯಿತು.

"ಬಣ್ಣ ಸ್ಪಿರಿಟ್ಟು ತಿಂದುಬಿಡುತ್ತೆ ಸಾರ್, ಆಕಾರ ನೋಡಿ. ಇವೆಲ್ಲಾ ಒಂದೇ ದೊಡ್ಡ ಬಳಗ. ಬೆನ್ನ ಮೇಲಿನ ಈಜುರೆಕ್ಕೇಲಿ ಮುಂದೆ ಗಟ್ಟಿ ಮುಳ್ಳು, ಹಿಂದೆ ಮೆತ್ತನೆ ಕಡ್ಡಿ. ಅಷ್ಟು ಬಿಟ್ರೆ ಒಂದರ ಹಾಗೆ ಇನ್ನೊಂದಿಲ್ಲ. ಇದು ತಟ್ಟೆ ಥರ ಚಪ್ಪಟೆ. ಇದು ನೀರು ಉಗುಳಿ ಎಲೆ ಮೇಲಿನ ಹುಳ ಬೀಳಿಸುತ್ತೆ. ಇದು ಹೆಬ್ಬೆರಳಷ್ಟೇ ಬೆಳೆಯೋದು, ಇದರ ಅಣ್ಣ ತಮ್ಮಂದಿರು ನಿಮ್ಮಷ್ಟು ತೂಗ್ತಾರೆ. ಸಮುದ್ರದಲ್ಲೂ ಇದ್ದಾವೆ, ಹೊಳೇಲೂ ಇದ್ದಾವೆ."

ನನ್ನನ್ನೂ ಎಣಿಸಲು ಕೂರಿಸುತ್ತಾರೆ. ಬಿಳಿ ತಟ್ಟೆಯಲ್ಲಿ ಮೀನು, ಕೈಯಲ್ಲಿ ಸೂಜಿ. ಮೈಯೆಲ್ಲ ಕಣ್ಣಾಗಿ ಎಣಿಸಿ "ಹತ್ತು" ಎನ್ನುತ್ತೇನೆ. ಅವರು ಸೂಜಿಯ ತುದಿಯಿಂದ ರೆಕ್ಕೆಯ ಬುಡ ಮೆಲ್ಲಗೆ ತಡವುತ್ತಾರೆ. ಚರ್ಮದ ಮಡಿಕೆಯಿಂದ ಅಕ್ಕಿಕಾಳಿನಷ್ಟು ಸಣ್ಣ ಮುಳ್ಳೊಂದು ತಲೆ ಎತ್ತುತ್ತದೆ. "ಹನ್ನೊಂದು. ಮೊದಲನೇದು ಯಾವಾಗ್ಲೂ ಕಳ್ಳ ಸಾರ್, ಅಡಗಿಕೊಂಡಿರುತ್ತೆ. ಬೇಜಾರು ಮಾಡ್ಕೋಬೇಡಿ, ಲೆಕ್ಚರರುಗಳೂ ಇಲ್ಲೇ ಜಾರೋದು."

ಈ ವಿದ್ಯೆ ಅವರಿಗೆ ಒಲಿದದ್ದು ಒಂದು ದೊಡ್ಡ ಎಡವಟ್ಟಿನಿಂದ. ಅದನ್ನು ಅವರೇ ಹೇಳಿಕೊಳ್ಳುತ್ತಾರೆ, ಮುಚ್ಚುಮರೆಯಿಲ್ಲ. ಕೆಲಸಕ್ಕೆ ಸೇರಿದ ಎರಡನೇ ವರ್ಷ. ಪ್ರತಿ ಜಾಡಿಯೊಳಗೆ ಮೀನಿನ ಹೆಸರು ಬರೆದ ಒಂದು ಚೀಟಿ ಇರುತ್ತದೆ. ಆಗ ಈ ಬೀರುವಿನಲ್ಲಿದ್ದ ಚೀಟಿಗಳೆಲ್ಲ ಹಳೆಯವು, ಪೆನ್ಸಿಲಿನಲ್ಲಿ ಗೀಚಿದವು. ಅಕ್ಕನ ಅಕ್ಷರ ಮುತ್ತಿನಂತಿದೆ, ಈಗಲೂ. ಪರೀಕ್ಷೆಗೆ ಹೊರಗಿನವರು ಬರುತ್ತಾರೆ, ಬೀರು ಲಕ್ಷಣವಾಗಿ ಕಾಣಲಿ ಎಂದು ಒಂದು ವಾರ ಕೂತು ನಲವತ್ತೊಂದೂ ಹೆಸರುಗಳನ್ನು ಹೊಸ ಚೀಟಿಗಳ ಮೇಲೆ ನೀಲಿ ಪೆನ್ನಿನಲ್ಲಿ ನಕಲು ಮಾಡಿದರು. ಹಳೆಯವನ್ನು ಕಸದ ಜೊತೆ ಸುಟ್ಟರು. ಮುಂದಿನ ವಾರ ನೋಡಿದರೆ ಜಾಡಿಗಳಲ್ಲಿ ತೆಳು ನೀಲಿ ನೀರು, ಒಳಗೆ ಖಾಲಿ ಚೀಟಿಗಳು. ಸ್ಪಿರಿಟ್ಟಿಗೆ ಪೆನ್ಸಿಲ್ ಜಗ್ಗುವುದಿಲ್ಲ, ಪೆನ್ನಿನ ಮಸಿ ಕರಗುತ್ತದೆ ಎಂಬುದನ್ನು ಅವರಿಗೆ ಯಾರೂ ಹೇಳಿರಲಿಲ್ಲ.

"ಕೈಕಾಲೇ ಆಡ್ಲಿಲ್ಲ ಸಾರ್. ಎರಡು ದಿನ ಊಟ ಸೇರ್ಲಿಲ್ಲ. ಕೆಲಸ ಹೋಯ್ತು ಅಂದ್ಕೊಂಡೆ. ಆಮೇಲೆ ದೊಡ್ಡ ಮೇಡಂ ಹತ್ರ ಹೋಗಿ ಇದ್ದಿದ್ದು ಇದ್ದ ಹಾಗೆ ಹೇಳ್ಬಿಟ್ಟೆ."

ದೊಡ್ಡ ಮೇಡಂ ಎಂದರೆ ಆಗಿನ ವಿಭಾಗದ ಮುಖ್ಯಸ್ಥೆ. ಅವರು ಬೈಯಲಿಲ್ಲವಂತೆ. "ಹೆಸರು ಕಳೆದವಳು ನೀನು, ಹುಡುಕೋಳೂ ನೀನೇ," ಎಂದು ಹೇಳಿ, ದಾಸ್ತಾನು ಪುಸ್ತಕದಿಂದ ನಲವತ್ತೊಂದು ಹೆಸರುಗಳನ್ನು ತೆಗೆದು ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಟ್ಟರು. ಯಾವ ಹೆಸರು ಯಾವ ಜಾಡಿಯದು ಎಂಬುದು ಆ ಪುಸ್ತಕದಲ್ಲಿ ಇರಲಿಲ್ಲ. ಆದರೆ ಪ್ರತಿ ಹೆಸರಿನ ಮುಂದೆ ಮೇಡಂ ಲೆಕ್ಕ ಹಾಕಿಟ್ಟರು: ಬೆನ್ನಿನಲ್ಲಿ ಎಷ್ಟು ಮುಳ್ಳು, ಎಷ್ಟು ಕಡ್ಡಿ, ಹೊಟ್ಟೆಯ ಕೆಳಗೆ ಎಷ್ಟು. ಎಣಿಸಿ ಹೊಂದಿಸುವುದು ಅಕ್ಕನ ಪಾಲಿಗೆ.

ಗಡಿಯಾರ ರಿಪೇರಿ ಮಾಡುವ ಗಂಡ ತನ್ನ ಕಣ್ಣಿಗೆ ಸಿಕ್ಕಿಸಿಕೊಳ್ಳುವ ಮಸೂರವನ್ನು ಕೊಟ್ಟರು. "ಒಂದು ವಾರಕ್ಕೆ ಅಂತ ಇಸ್ಕೊಂಡು ಹೋದ್ಳು. ನಾನು ಬೇರೆ ತಗೊಂಡೆ," ಎಂದು ಅವರು ಅಂಗಡಿಯಲ್ಲಿ ಕೂತು ದೂರು ಹೇಳುತ್ತಾರೆ. ದೂರುವ ಮುಖದಲ್ಲಿ ಹೆಮ್ಮೆ ಎದ್ದು ಕಾಣುತ್ತದೆ. "ಈಗ ನನ್ನ ಕೈಗೆ ಬಂದ ಗಡಿಯಾರದ ಹಲ್ಲನ್ನೂ ಎಣಿಸ್ತಾಳೆ."

ಮೊದಲು ಪತ್ತೆಯಾದದ್ದು ಮೊಲದ ಮೂತಿಯ ಮೀನು. ಉಳಿದವಕ್ಕೆ ಹೊಟ್ಟೆಯ ರೆಕ್ಕೆಯಲ್ಲಿ ಒಂದೇ ಮುಳ್ಳಿದ್ದರೆ ಇದಕ್ಕೆ ಎರಡೂ ಅಂಚಿನಲ್ಲಿ ಒಂದೊಂದು. ಅದರ ಹೆಸರನ್ನು ಪೆನ್ಸಿಲಿನಲ್ಲಿ ಬರೆದು ಜಾಡಿಗೆ ಇಳಿಸಿದ ದಿನ ಅಕ್ಕ ಅತ್ತುಬಿಟ್ಟರಂತೆ. ಆಮೇಲೆ ಕೆಲವು ತಿಂಗಳಿಗೊಂದು, ಒಮ್ಮೊಮ್ಮೆ ವರ್ಷಕ್ಕೊಂದು. ಒಂಬತ್ತು ವರ್ಷ ಕಳೆಯುವಷ್ಟರಲ್ಲಿ ಉಳಿದದ್ದು ಎರಡು ಜಾಡಿ, ಎರಡು ಹೆಸರು. ಎರಡೂ ಗಿಳಿಮೀನುಗಳು, ಗಿಳಿಯ ಕೊಕ್ಕಿನಂಥ ಬಾಯಿಯವು.

ಅಲ್ಲಿಗೆ ಗಾಡಿ ನಿಂತಿತು. ಗಿಳಿಮೀನಿನ ಬಳಗದಲ್ಲಿ ಎಲ್ಲರಿಗೂ ಬೆನ್ನಿನಲ್ಲಿ ಒಂಬತ್ತೇ ಮುಳ್ಳು, ಹತ್ತೇ ಕಡ್ಡಿ. ಹೆಚ್ಚಿನವನ್ನು ಬೇರೆ ಮಾಡುವುದು ಬಣ್ಣ ನೋಡಿ, ಆ ಬಣ್ಣ ಎಂದೋ ಹೋಗಿದೆ. ಕೆನ್ನೆಯ ಹುರುಪೆ ಎಣಿಸೋಣವೆಂದರೆ ಅವೂ ಉದುರಿವೆ. ಹದಿನೇಳು ವರ್ಷಗಳಿಂದ ಆ ಎರಡು ಜಾಡಿಗಳು ಹೆಸರಿಲ್ಲದೆ ನಿಂತಿವೆ.

ಈಗ ಅವಕ್ಕೆ ಕುತ್ತು ಬಂದಿದೆ. ಸೋಮವಾರ ತಪಾಸಣಾ ತಂಡ ಬರುತ್ತದೆ. ಚೀಟಿಯಿಲ್ಲದ ಜಾಡಿಗಳನ್ನು ಅಷ್ಟರೊಳಗೆ ತೆಗೆದುಹಾಕಬೇಕೆಂದು ಸುತ್ತೋಲೆ ಬಂದಿದೆ. ಮೂರು ತಿಂಗಳಲ್ಲಿ ಅಕ್ಕನೂ ನಿವೃತ್ತಿ. ಈಗಿನ ಮುಖ್ಯಸ್ಥರು ಕೆಡುಕರಲ್ಲ, ಅವರಿಗೆ ಅಕ್ಕನ ಮೇಲೆ ಮರುಕವಿದೆ. ನಾನಿದ್ದಾಗಲೇ ಬಂದು ಸಮಾಧಾನದ ದನಿಯಲ್ಲಿ ಹೇಳುತ್ತಾರೆ: "ಎರಡು ಹೆಸರು, ಎರಡು ಜಾಡಿ. ಇದಕ್ಕೊಂದು ಅದಕ್ಕೊಂದು ಹಾಕಿಬಿಡಿ ಅಕ್ಕಾ. ಮೀನು ಉಳ್ಕೊಳ್ಳುತ್ತೆ. ಯಾರಿಗೆ ಗೊತ್ತಾಗುತ್ತೆ?"

"ಯಾರಿಗೂ ಗೊತ್ತಾಗಲ್ಲ ಸಾರ್, ಅದೇ ಕಷ್ಟ," ಎನ್ನುತ್ತಾರೆ ಅಕ್ಕ. "ಖಾಲಿ ಚೀಟಿ ನೋಡಿದ್ರೆ ಯಾರಾದ್ರೂ ಹುಡುಕ್ತಾರೆ. ತಪ್ಪು ಹೆಸರಿದ್ರೆ ಯಾರೂ ಹುಡುಕಲ್ಲ."

ಮುಖ್ಯಸ್ಥರು ಕೈಚೆಲ್ಲುತ್ತಾರೆ. ಅಕ್ಕ ದಪ್ಪ ಕಾಗದದ ಎರಡು ಚೀಟಿಗಳನ್ನು ಕತ್ತರಿಸಿ, ಪೆನ್ಸಿಲ್ ಚೂಪು ಮಾಡಿಕೊಂಡು ಮೇಜಿಗೆ ಕೂರುತ್ತಾರೆ. ಎರಡಕ್ಕೂ ಒಂದೇ ಒಕ್ಕಣೆ. ಬರೆದದ್ದನ್ನು ಮೊದಲು ಓದಿದ್ದು ನಾನು: "ಗಿಳಿಮೀನು. ಬೆನ್ನಿನಲ್ಲಿ ಮುಳ್ಳು ಒಂಬತ್ತು, ಕಡ್ಡಿ ಹತ್ತು. ದಾಸ್ತಾನು ಪುಸ್ತಕದಲ್ಲಿರುವ ಎರಡು ಗಿಳಿಮೀನಿನ ಹೆಸರುಗಳಲ್ಲಿ ಒಂದು ಇದರದ್ದು. ಯಾವುದೆಂದು ಗೊತ್ತಿಲ್ಲ. ಮೊದಲಿನ ಚೀಟಿ ಹಾಳು ಮಾಡಿದ್ದು ಅಟೆಂಡರ್." ಕೆಳಗೆ ಅವರ ಸಹಿ.

ನಾನು ಬರೆದ ಎಷ್ಟೋ ತಪ್ಪುಗಳ ಕೆಳಗೆ ನಾನು ಸಹಿ ಹಾಕಿದವನಲ್ಲ.

ಮುಖ್ಯಸ್ಥರು ಕನ್ನಡಕ ಏರಿಸಿ ಎರಡು ಸಲ ಓದುತ್ತಾರೆ. "ಇಷ್ಟೆಲ್ಲಾ ಬರೀಬೇಕಿತ್ತಾ?"

"ಕಾಗದದಲ್ಲಿ ಜಾಗ ಇತ್ತು ಸಾರ್."

ಮುಖ್ಯಸ್ಥರಿಗೆ ನಗು ತಡೆಯಲಾಗುವುದಿಲ್ಲ. ಸುತ್ತೋಲೆ ತೆಗೆದು ಮತ್ತೊಮ್ಮೆ ನೋಡುತ್ತಾರೆ. ಚೀಟಿ ಇರಬೇಕೆಂದು ಅದರಲ್ಲಿದೆ, ಅದರ ಮೇಲೆ ಇಂಥದ್ದೇ ಬರೆದಿರಬೇಕೆಂದು ಇಲ್ಲ. "ಇಡಿ ಒಳಗೆ. ಸೋಮವಾರ ಯಾರಾದ್ರೂ ಕೇಳಿದ್ರೆ ನಾನು ಮಾತಾಡ್ತೀನಿ," ಎಂದು ಹೇಳಿ ಹೋಗುತ್ತಾರೆ. ಅಕ್ಕ ಚಿಮಟದಲ್ಲಿ ಚೀಟಿ ಹಿಡಿದು ಸ್ಪಿರಿಟ್ಟಿಗೆ ಇಳಿಸಿ, ಅಕ್ಷರ ಗಾಜಿನ ಕಡೆ ತಿರುಗುವಂತೆ ಸರಿಪಡಿಸುತ್ತಾರೆ. ಎರಡೂ ಜಾಡಿಗಳು ಬೀರುವಿಗೆ ವಾಪಸಾಗುತ್ತವೆ.

ನಾನು ಹೊರಡುವ ಮೊದಲು ನನ್ನ ಟಿಪ್ಪಣಿಯ ಒಂದು ಸಾಲನ್ನು ಓದಿ ಹೇಳುತ್ತೇನೆ: ನಲವತ್ತೊಂದು ಮೀನುಗಳಿಗೆ ಹೆಸರು ಮರಳಿಸಿದವರು. ಅಕ್ಕ ಕೈ ಒರೆಸಿಕೊಳ್ಳುವುದನ್ನು ನಿಲ್ಲಿಸುತ್ತಾರೆ.

"ಮೂವತ್ತೊಂಬತ್ತು ಸಾರ್. ಪೇಪರಲ್ಲಿ ಮೂವತ್ತೊಂಬತ್ತು ಅಂತಾನೇ ಹಾಕಿ."