ಹೋಳಿಗೆ ಆರುವ ಮೊದಲು

ಗೆಳೆಯರೇ, ಇವತ್ತು ತಾಳಿಕೋಟೆಯಲ್ಲಿ ನಾದಿನಿ ಸುಮಾಳ ಹೊಸ ಮನೆಯ ಪ್ರವೇಶ. ಊಟಕ್ಕೆ ಒಳಗೆ ಹೋಗೋಣವೆಂದರೆ ಅವಳೇ ಬಾಗಿಲಿಗೆ ಕೈ ಅಡ್ಡ ಹಿಡಿದು ನಿಂತಿದ್ದಳು. ಗಂಡನ ಹೆಸರು ಸೇರಿಸಿ ಒಡಪು ಹೇಳದೆ ಯಾವ ಹೆಂಗಸನ್ನೂ ಬಿಡುವಂತಿಲ್ಲ. ನಾನು ಬೆಳ್ಳಿ ತಟ್ಟೆಯ ಹಳೇ ಒಡಪನ್ನೇ ಶುರುಮಾಡಿದೆ.

"ಅದು ನಮ್ಮವ್ವನ ಕಾಲದ್ದು. ಕವನ ಬರಿಯಾಕಿ ನೀನು, ಹೊಸಾದು ಹೇಳು," ಎಂದಳು.

"ಅದಕ್ಕ ಟೈಮ್ ಬೇಕಾಗ್ತೈತಿ."

"ಹಿಂದ ಮಂದಿ ನಿಂತಾರ. ಲಗೂನ ಹೇಳು."

ನನ್ನ ಬೆನ್ನ ಹಿಂದಿದ್ದ ಯಜಮಾನರು, "ಹೋಳಗಿ ಆರಾಕತ್ತೈತಿ," ಎಂದರು. ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ:

"ಬಸ್ಸಿನ್ಯಾಗ ಸೀಟು ಹಿಡಿಯಾಕ ಕಿಡಕ್ಯಾಗ ದಸ್ತಿ ಒಗೀಬೇಕು,
ಶ್ರೀನಿವಾಸರಾಯರು ಹಸದಾರ, ಬಾಗಲಾ ಬಿಟ್ಟು ಸರೀಬೇಕು."

"ಇದು ಒಡಪಲ್ಲ, ಜಗಳ," ಎನ್ನುತ್ತಲೇ ಸುಮಾ ಸರಿದಳು. ಹಿಂದೆ ನಿಂತಿದ್ದ ಹೆಂಗಸರು ಅದನ್ನೇ ಬಾಯಿಪಾಠ ಮಾಡತೊಡಗಿದರು.

ನಮ್ಮ ಶಾಲೆಯ ಸ್ಮರಣ ಸಂಚಿಕೆಗೆ ಕವಿತೆ ಕೇಳಿದ ಹೆಡ್‌ಮಾಸ್ತರರು, "ಅವಸರ ಇಲ್ರಿ ಮೇಡಂ, ಆರಾಮ ಬರೀರಿ," ಎಂದಿದ್ದರು. ದೀಪಾವಳಿಯಿಂದ ಆರಾಮಾಗಿಯೇ ಇದ್ದೇನೆ, ಒಂದು ಸಾಲೂ ಬಂದಿಲ್ಲ. ನಾಳೆಯಿಂದ ಸುಮಾಳನ್ನು ಕರೆತಂದು ನಮ್ಮ ಅಡುಗೆಮನೆ ಬಾಗಿಲಿಗೆ ನಿಲ್ಲಿಸಬೇಕು.