ಸೈಕಲ್ ಹೋಗುವಷ್ಟು ಜಾಗ

ಕುಣಿಗಲ್ ಬಸ್ಸು ಗೂಳೂರಿನಲ್ಲಿ ಟೀಗೆ ನಿಂತಿತ್ತು. ಅಂಗಡಿಯ ರೇಡಿಯೋದಲ್ಲಿ ತುಮಕೂರಿನ ಕಾಲೇಜು ಹುಡುಗಿಯೊಬ್ಬಳು, ವಿದ್ಯಾರ್ಥಿಗಳಿಗೆ ರೂಮು ಬಾಡಿಗೆಗೆ ಕೊಡುವ ಹೆಂಗಸೊಬ್ಬರನ್ನು ಮಾತಾಡಿಸುತ್ತಿದ್ದಳು. ಉತ್ತರಿಸಿದ ದನಿ ಕೇಳಿ ಲೋಟ ಕೆಳಗಿಟ್ಟೆ. ಡಿಗ್ರಿ ಓದುವಾಗ ಮೂರು ವರ್ಷ ನಾನಿದ್ದ ಮನೆಯ ಪುಟ್ಟಮ್ಮ!

"ಒಬ್ಳಿದ್ಲು ಕಣಮ್ಮ, ದಿನಾ ನನ್ ರಂಗೋಲಿ ಮೇಲೇ ಸೈಕಲ್ ಹತ್ತಿಸ್ಕೊಂಡು ಕಾಲೇಜಿಗೆ ಓಡೋಳು. ಬೈದೂ ಬೈದೂ ಸಾಕಾಗಿ, ಪಕ್ಕದಲ್ಲಿ ಸೈಕಲ್ ಹೋಗೋಷ್ಟು ಜಾಗ ಬುಟ್ಟು ಹಾಕ್ತಿದ್ದೆ."

"ಈಗ?"

"ಈಗ್ಲೂ ಬುಡ್ತೀನಿ. ಕೈ ಕೇಳಲ್ಲ."

ಆ ಸೈಕಲ್ಲು ನನ್ನದು. ಊರು ಬಿಟ್ಟ ಮೇಲೆ ಒಂದು ಕಾಗದವನ್ನೂ ಬರೆದವಳಲ್ಲ.

ಕಂಡಕ್ಟರ್ ಕೂಗಿದ, ಹತ್ತಿ ಕೂತೆ. ಇದೇ ಬಸ್ಸಿಗಾಗಿ ತುಮಕೂರಿನ ಸ್ಟ್ಯಾಂಡಿನಲ್ಲಿ ಒಂದು ಗಂಟೆ ಸುಮ್ಮನೆ ಕೂತಿದ್ದೆ. ಪುಟ್ಟಮ್ಮನ ಮನೆ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲೇ ಇದೆ.